ಉಸಿರು ಕಾಣುವ ಲೆನ್ಸ್

"ಉಸಿರು ಕಾಣ್ತತೇನ್ರಿ?"

ಬಳ್ಳಾರಿಯ ಕ್ಯಾಮೆರಾ ಅಂಗಡಿಯ ಬಾಗಿಲಲ್ಲಿ ನಿಂತು, ಹೊಸ ಜೂಮ್ ಲೆನ್ಸೊಂದನ್ನು ನನ್ನ ಕ್ಯಾಮೆರಾಗೆ ಹಾಕಿಕೊಂಡು, ರಸ್ತೆಯ ಆಚೆ ಬದಿ ಆಟೋದಲ್ಲಿ ಕಾಲು ಚಾಚಿ ಮಲಗಿದ್ದ ಡ್ರೈವರನನ್ನು ನಾನು ನೋಡುತ್ತಿದ್ದಾಗ ನನ್ನ ಜೊತೆ ಬಂದಿದ್ದ ಮುದುಕರು ಕೇಳಿದ ಪ್ರಶ್ನೆ ಇದು. ಲೆನ್ಸು ಕೊಳ್ಳಲು ಹೋದವರು ಕೇಳುವುದು ಬೇರೆ. ಎಷ್ಟು ದೂರ ಎಳೆಯುತ್ತದೆ, ತೂಕ ಎಷ್ಟು, ಮಬ್ಬು ಬೆಳಕಿನಲ್ಲಿ ಹೇಗೆ, ಗ್ಯಾರಂಟಿ ಎಷ್ಟು ವರ್ಷ. ಅಂಗಡಿಯವನಿಗೆ ಇವಕ್ಕೆಲ್ಲ ಉತ್ತರ ಬಾಯಿಪಾಠವಾಗಿತ್ತು. ಈ ಪ್ರಶ್ನೆಗೆ ಮಾತ್ರ ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

"ಕಾಣ್ತತಿ ತಾತಾ," ಎಂದೆ, ಕಾಣದಿದ್ದರೂ. ಬೇಗ ಮುಗಿಸಿ ಮನೆಗೆ ಹೋಗಬೇಕಿತ್ತು.

"ಎಷ್ಟು ಸಲ ಆತು?"

"ಎಣಿಸಿಲ್ರಿ."

"ಹಂಗಾದ್ರ ಕಂಡಿಲ್ಲ ಬಿಡ್ರಿ. ಕಂಡಿದ್ರ ನೀವು ಎಣಿಸದ ಬಿಡ್ತಿದ್ರೇನು? ಲೆಕ್ಕದ ಟೀಚರು ನೀವು."

ಅಂದು ಲೆನ್ಸು ಕೊಳ್ಳಲಿಲ್ಲ. ಆಮೇಲೂ ನಾಲ್ಕು ತಿಂಗಳು ಕೊಳ್ಳಲಿಲ್ಲ. ಆ ನಾಲ್ಕು ತಿಂಗಳಲ್ಲಿ ಅವರು ಯಾರೆಂದು ನನಗೆ ತಿಳಿಯಿತು. ಈ ಬೇಸಗೆಯಲ್ಲಿ ಅವರು ತೀರಿಹೋದರು. ಹೆಸರು ಬರೆಯುವುದಿಲ್ಲ. ಅವರು ಫೋಟೋ ತೆಗೆದ ಮನೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಆ ಮನೆಗಳವರು ಇನ್ನು ಮುಂದೆ ತಮ್ಮ ಗೋಡೆ ನೋಡಿ ಬೆಚ್ಚುವುದು ಬೇಡ.

ನಾನು ಸಿರುಗುಪ್ಪದ ಹೈಸ್ಕೂಲೊಂದರಲ್ಲಿ ಗಣಿತ ಹೇಳುವವಳು. ಮನೆ ಬಳ್ಳಾರಿ. ದಿನಾ ಬಸ್ಸಿನಲ್ಲಿ ಹೋಗಿ ಬರುವಾಗ ಕಾಲುವೆ ನೀರಿನ ಭತ್ತದ ಗದ್ದೆಗಳಲ್ಲಿ ಬಾಯ್ಕಳಕ ಕೊಕ್ಕರೆಗಳು ನಿಂತಿರುವುದನ್ನು ಕಂಡು ಕಂಡು ಕ್ಯಾಮೆರಾದ ಹುಚ್ಚು ಹಿಡಿಯಿತು. ಕ್ಯಾಮೆರಾದ ಜೊತೆಗೇ ಬಂದಿದ್ದ ಸಣ್ಣ ಲೆನ್ಸಿನಲ್ಲಿ ಕೊಕ್ಕರೆ ತೆಗೆದರೆ ಹಸಿರಿನ ನಡುವೆ ಒಂದು ಬಿಳಿ ಚುಕ್ಕೆ ಬರುತ್ತಿತ್ತು. "ಅಕ್ಕಿಕಾಳಿನ ಫೋಟೋ ಚೆನ್ನಾಗಿ ಬಂದೈತಿ," ಎಂದು ನಮ್ಮ ಮನೆಯವರು ಹಂಗಿಸುತ್ತಿದ್ದರು. ಆ ಹಂಗಿನಿಂದ ಪಾರಾಗಲು ದೊಡ್ಡ ಜೂಮ್ ಲೆನ್ಸು ಬೇಕೆನಿಸಿತು. ಯಾವುದು ಎಂದು ಕೇಳಲು ಹೋದದ್ದು ನಮ್ಮ ಬಡಾವಣೆಯ ಹಳೆಯ ಸ್ಟುಡಿಯೋಗೆ, ಅಲ್ಲಿದ್ದ ಅವರ ಬಳಿಗೆ. ಬಡಾವಣೆಗೆಲ್ಲ ಅವರು ಸ್ಟುಡಿಯೋ ತಾತ.

ಎಪ್ಪತ್ತರ ಆಸುಪಾಸು. ಕಡ್ಡಿಯಂಥ ಮೈ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಸಿಲಿರಲಿ ಇಲ್ಲದಿರಲಿ ಬಗಲಲ್ಲಿ ಕರಿ ಕೊಡೆ, ಹೆಗಲಿಗೊಂದು ಬಟ್ಟೆ ಚೀಲ. ಮೂಲ ಊರು ಕುರುಗೋಡು. ಅವರ ಕಸುಬು ಮದುವೆಯ ಫೋಟೋ ಅಲ್ಲ. ಮದುವೆಗೂ ಹೋಗುತ್ತಿದ್ದರು, ಆದರೆ ಅವರನ್ನು ಜನ ನೆನೆಯುತ್ತಿದ್ದದ್ದು ಕಡೆಯ ಫೋಟೋಗೆ. ನಮ್ಮ ಕಡೆ ಲಿಂಗವಂತರ ಮನೆಗಳಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸುತ್ತಾರೆ. ಕತ್ತು ವಾಲದಂತೆ ಹಣೆಗೊಂದು ಬಟ್ಟೆಯ ಪಟ್ಟಿ ಕಟ್ಟಿ, ಅದು ಕಾಣದಂತೆ ಹೂವು ಮುಡಿಸುತ್ತಾರೆ. ಮಣ್ಣಿಗೆ ಹೊರಡುವ ಮೊದಲು ಮನೆಯವರೆಲ್ಲ ಎರಡೂ ಬದಿ ನಿಂತು ಒಂದು ಫೋಟೋ. ಅದಕ್ಕೆ ತಾತನೇ ಆಗಬೇಕು. ಸಿರುಗುಪ್ಪ, ಮೋಕ, ಹಚ್ಚೊಳ್ಳಿ, ಎಲ್ಲಿಂದ ಕರೆ ಬಂದರೂ ಬಸ್ಸು ಹತ್ತುತ್ತಿದ್ದರು.

ಅವರದೊಂದು ನಿಯಮವಿತ್ತು. ಹತ್ತು ಹೆಜ್ಜೆ. ಕೂರಿಸಿದ ದೇಹಕ್ಕಿಂತ ಹತ್ತು ಹೆಜ್ಜೆ ದೂರದಲ್ಲಿ, ಪೆಂಡಾಲಿನ ಕಂಬದ ಬಳಿ ನಿಲ್ಲುತ್ತಿದ್ದರು. ಅಲ್ಲಿಂದ ಒಂದು ಹೆಜ್ಜೆ ಮುಂದಿಡುತ್ತಿರಲಿಲ್ಲ. "ಅಳೋರ ಮುಂದ ಹೋಗಿ ಬೆನ್ನು ತೋರಿಸಿ ನಿಂದ್ರಬಾರದ್ರಿ. ಅದು ಮರ್ಯಾದಿ," ಎನ್ನುತ್ತಿದ್ದರು. ಈಗಿನ ಹುಡುಗರು ಹೆಣದ ಮೂಗಿಗೆ ಮೊಬೈಲು ಹಿಡಿಯುವುದನ್ನು ಕಂಡವಳಾದ ನನಗೆ ಆ ಹತ್ತು ಹೆಜ್ಜೆಯ ಮೇಲೆ ಗೌರವ ಹುಟ್ಟಿತು. ಅದೇ ಹತ್ತು ಹೆಜ್ಜೆ ಅವರನ್ನು ತಿನ್ನುತ್ತಿದೆ ಎಂದು ಆಗ ಗೊತ್ತಿರಲಿಲ್ಲ.

ಇನ್ನೊಂದು ಕೆಲಸಕ್ಕೂ ಅವರು ಹೆಸರುವಾಸಿ. ಬದುಕಿದ್ದಾಗ ಒಂದು ಫೋಟೋವನ್ನೂ ತೆಗೆಸಿಕೊಳ್ಳದೆ ತೀರಿಹೋಗುವವರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅಂಥವರ ಕಡೆಯ ಫೋಟೋದಿಂದ ಮುಖವನ್ನಷ್ಟೇ ಬಿಡಿಸಿ, ದೊಡ್ಡದು ಮಾಡಿ, ಮುಚ್ಚಿದ ರೆಪ್ಪೆಗಳ ಮೇಲೆ ತೆರೆದ ಕಣ್ಣು ಬರೆದು ಚೌಕಟ್ಟು ಹಾಕಿ ಕೊಡುತ್ತಿದ್ದರು. ಮೊದಲು ಕುಂಚದಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಅದಕ್ಕೆ ಅವರು ಹೇಳುತ್ತಿದ್ದದ್ದು "ಕಣ್ಣು ತೆರಸೋದು" ಎಂದು. ಸ್ಟುಡಿಯೋದ ಒಳಕೋಣೆಯಲ್ಲಿ ಯಾರೂ ಒಯ್ಯದೆ ಉಳಿದ ಅಂಥ ಎಂಟು ಹತ್ತು ಚೌಕಟ್ಟುಗಳು ಸಾಲಾಗಿ ತೂಗುತ್ತಿದ್ದವು. ಮೊದಲ ಸಲ ಅಲ್ಲಿ ಕೂತು ಚಹಾ ಕುಡಿಯುವಾಗ ನನಗೆ ಏನೋ ಕಸಿವಿಸಿ. ಎರಡನೆಯ ಸಲವೂ ಅಷ್ಟೆ. ಮೂರನೆಯ ಸಲ ಗೊತ್ತಾಯಿತು. ಮುಖಗಳು ಬೇರೆ ಬೇರೆ, ಮುದುಕರು, ಮುದುಕಿಯರು, ಒಬ್ಬ ಮೀಸೆಯ ಗೌಡರು. ಕಣ್ಣು ಮಾತ್ರ ಒಂದೇ. ಎಲ್ಲರಲ್ಲೂ ಅದೇ ಕಣ್ಣು, ಕರಿಗುಡ್ಡೆಯಲ್ಲಿ ನೋಡುವವರ ಎಡಕ್ಕೆ ಅದೇ ಒಂದು ಬೆಳಕಿನ ಚುಕ್ಕೆ.

"ಯಾರವು ತಾತಾ ಈ ಕಣ್ಣು?" ಎಂದು ಕೇಳಿದೆ.

"ನನ್ನವ ರೀ," ಎಂದರು, ಚಹಾ ಆರಿಸುತ್ತ. "ಕಲಿಯೋ ಕಾಲಕ್ಕ ಬ್ಯಾರೆ ಯಾರು ಕುಂದ್ರತಿದ್ರು ನನ್ನ ಮುಂದ? ಕನ್ನಡಿ ಇಟ್ಗೊಂಡು ಬರದೆ. ಕಿಟಕಿ ಎಡಕ್ಕಿತ್ತು, ಚುಕ್ಕಿನೂ ಎಡಕ್ಕ ಬಂತು. ಆಮ್ಯಾಲ ಕೈ ಅದನ್ನ ಬಿಟ್ಟು ಬ್ಯಾರೆದು ಬರೀಲಿಲ್ಲ."

ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಶಾಲೆ ಬಿಟ್ಟ ಮಕ್ಕಳನ್ನು ಮರಳಿ ಕರೆತರಲು ನಾನು ಹಳ್ಳಿಗಳ ಮನೆಗಳಿಗೆ ಹೋಗುವುದುಂಟು. ಆಮೇಲೆ ಎಲ್ಲಿ ಹೋದರೂ ಮೊದಲು ಗೋಡೆಯತ್ತ ಕಣ್ಣು ಹೋಗುತ್ತಿತ್ತು. ಮೋಕದ ಒಂದು ಮನೆಯಲ್ಲಿ ಅಜ್ಜಿಯ ಮುಖದಿಂದ ಸ್ಟುಡಿಯೋ ತಾತ ನೋಡುತ್ತಿದ್ದರು. ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ಗಲ್ಲಾದ ಮೇಲೆ ಹಳೆಯ ಯಜಮಾನರ ಮುಖದಿಂದ ನೋಡುತ್ತಿದ್ದರು. ಬಾಲ್ಯದಿಂದ ಗೋಡೆಯ ಮೇಲೆ ಅದನ್ನೇ ನೋಡಿಕೊಂಡು ಬೆಳೆದ ಮಕ್ಕಳಿಗೆ ತಮ್ಮ ಅಜ್ಜ ಅಜ್ಜಿಯ ಕಣ್ಣು ಹೀಗಿತ್ತು ಎಂದೇ ನಂಬಿಕೆ. ಹೇಳಿ ಕೆಡಿಸುವುದೇಕೆ ಎಂದು ಸುಮ್ಮನೆ ಹಾಜರಿಯ ಮಾತಾಡಿ ಬರುತ್ತಿದ್ದೆ.

ಕ್ಯಾಮೆರಾ ಅಂಗಡಿಯ ಮಾಲೀಕನ ಮದುವೆಯ ಫೋಟೋ ತೆಗೆದವರು ತಾತನೇ. ಆ ಸಲುಗೆಯಿಂದ ಅವನು ಭಾನುವಾರಕ್ಕೊಂದು ಲೆನ್ಸು ನೋಡಲು ಕೊಡುತ್ತಿದ್ದ. ಎಪ್ಪತ್ತು-ಮುನ್ನೂರು ಮಿಲಿಮೀಟರಿನದು ಒಂದು ವಾರ, ನೂರು-ನಾಲ್ಕುನೂರು ಇನ್ನೊಂದು ವಾರ. ನೂರೈವತ್ತು-ಆರುನೂರರದು ಅಂಗಡಿಯ ಹೊರಗೆ ಬರಲಿಲ್ಲ. ಅದನ್ನು ಎತ್ತಿ ಹಿಡಿದ ಕೂಡಲೇ ಇದಕ್ಕೆ ಕೂಲಿಯಾಳು ಬೇಕು ಎಂದು ನಾನೇ ಕೆಳಗಿಟ್ಟೆ. ಲೆನ್ಸು ನೋಡಲು ನಾನು ಗದ್ದೆಗೆ ಹೋದರೆ ಕೊಡೆ ಹಿಡಿದು ತಾತನೂ ಬರುತ್ತಿದ್ದರು. ನಾನು ಕೊಕ್ಕರೆಯ ಗರಿ ನೋಡುತ್ತಿದ್ದರೆ ಅವರು ಬದುವಿನ ಮೇಲೆ ಟವೆಲು ಹೊದ್ದು ಮಲಗಿದ ಆಳನ್ನು ತೋರಿಸುತ್ತಿದ್ದರು. "ಅವನ ಮ್ಯಾಲ ಹಿಡೀರಿ. ಉಸಿರು ಕಾಣ್ತತೇನು?" ಎಮ್ಮೆಯದಾದರೆ ಕಾಣುತ್ತಿತ್ತು. ನಾಯಿಯದೂ ಕಾಣುತ್ತಿತ್ತು. ಮನುಷ್ಯನದು ಕಷ್ಟ. ಕಾಣಿಸಿದ ದಿನ ಎಷ್ಟು ದೂರಕ್ಕೆ ಕಾಣಿಸಿತು ಎಂದು ಹೆಜ್ಜೆ ಹಾಕಿ ಅಳೆಯುತ್ತಿದ್ದರು. ಮಲಗಿದವನು ಎದ್ದು, ತನ್ನ ಕಡೆಗೆ ಎಣಿಸುತ್ತ ಬರುವ ಮುದುಕನನ್ನು ಕಂಡು ಟವೆಲು ಬಿಟ್ಟು ಓಡಿದ್ದೂ ಉಂಟು.

ಲೆನ್ಸು ಇಲ್ಲದಾಗಲೂ ಅವರಿಗೆ ಇದೇ ಚಟ. ಯಾರು ಮಲಗಿದ್ದರೂ ಹತ್ತಿರ ಹೋಗಿ ಅಂಗೈಯ ಹಿಂಭಾಗವನ್ನು ಮೂಗಿನ ಕೆಳಗೆ ಹಿಡಿಯುತ್ತಿದ್ದರು. ಉಸಿರು ತಾಗಿದ ಮೇಲೆ ಸಮಾಧಾನ. ಒಮ್ಮೆ ಸಿರುಗುಪ್ಪದಿಂದ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಆಂಧ್ರದ ರೈತನೊಬ್ಬ ಬಾಯಿ ತೆರೆದು ನಿದ್ದೆ ಹೋಗಿದ್ದ. ತಾತನ ಕೈ ತನ್ನಷ್ಟಕ್ಕೆ ಅವನ ಮೂಗಿಗೆ ಹೋಯಿತು. ಅವನಿಗೆ ಎಚ್ಚರವಾಗಿ "ದೊಂಗ! ದೊಂಗ!" ಎಂದು ಬಸ್ಸು ಹಾರುವಂತೆ ಕೂಗಿದ. ಕಂಡಕ್ಟರು ಬಂದ, ಬಸ್ಸು ನಿಂತಿತು, ಎಲ್ಲರ ಜೇಬು ಎಲ್ಲರೂ ಮುಟ್ಟಿ ನೋಡಿಕೊಂಡರು. "ಕಳ್ಳ ಅಲ್ಲಪ್ಪ, ನಮ್ಮ ತಾತ," ಎಂದು ನಾನು ಬೇಡಿಕೊಳ್ಳಬೇಕಾಯಿತು. ಇಳಿದ ಮೇಲೆ ಸಿಟ್ಟಿನಿಂದ ಕೇಳಿದೆ.

"ಏನ್ರಿ ತಾತಾ ಇದು? ಮರ್ಯಾದಿ ಉಳಿಸ್ತೀರೋ ಇಲ್ಲೋ?"

ಅವರು ಕೊಡೆ ಬಿಚ್ಚಿ ಮನೆಯ ಕಡೆ ನಡೆದರು. ಮುಂದಿನ ಭಾನುವಾರ ಕಾಲುವೆಯ ಏರಿಯ ಮೇಲೆ ಕೂತಾಗ, ನಾನು ಕೇಳದೆ, ಅವರೇ ಹೇಳಿದರು.

"ಹಚ್ಚೊಳ್ಳಿಯೊಳಗ ಒಬ್ಬಾಕಿ ರೀ. ಐವತ್ತು ವರ್ಷ ಇರಬೌದು. ಎದಿ ನೋವಂತ ಮಲಗಿದಾಕಿ ಏಳಲಿಲ್ಲಂತ. ಡಾಕ್ಟ್ರು ಬಂದು ನೋಡಿ, ಇಲ್ಲಂತ ಹೇಳಿ ಹೋಗಿದ್ರು. ಬ್ಯಾಸಗಿ, ಜಲ್ದಿ ಮಣ್ಣು ಮಾಡ್ರಿ ಅಂತ ಮಂದಿ ಅವಸರ ಮಾಡ್ತಿದ್ರು. ನಾ ಕಂಬದತ್ರ ನಿಂತು ಮೂರು ಫೋಟೋ ಹೊಡದು ಬಂದೆ. ಎರಡು ದಿನ ಬಿಟ್ಟು ಕಣ್ಣು ತೆರಸಾಕ ಕುಂತೆ. ಮೊದಲನೇದ್ರಾಗ ಎರಡೂ ಮುಚ್ಚಿದ್ವು. ಮೂರನೇದ್ರಾಗ..." ಎಂದು ನಿಲ್ಲಿಸಿ, ಎರಡು ಬೆರಳುಗಳ ನಡುವೆ ಗರಿಕೆಯ ಎಸಳೊಂದನ್ನು ಹಿಡಿದು ತೋರಿಸಿದರು. "ಒಂದು ಕಣ್ಣು ಇಷ್ಟು ತೆರದಿತ್ತು."

ಕಾಲುವೆ ತುಂಬಿ ಹರಿಯುತ್ತಿತ್ತು. ಆಚೆ ದಡದಲ್ಲಿ ಟ್ರ್ಯಾಕ್ಟರೊಂದು ಸಾಗಿತು.

ಅಷ್ಟೇ ಆಗಿದ್ದರೆ ಒಂದು ಬಗೆ. ಆ ಎಸಳಿನಷ್ಟು ಕಣ್ಣು ಆಕೆಯದೋ ಅಥವಾ ತನ್ನ ಕೈಕೆಲಸವೋ ಎಂಬುದು ಅವರಿಗೆ ಗೊತ್ತಿರಲಿಲ್ಲ. ಊಟದ ನಂತರದ ಸೆಕೆಯಲ್ಲಿ ತೂಕಡಿಸುತ್ತ ಕೂತಿದ್ದರಂತೆ. ಕಣ್ಣು ಬರೆಯಲು ಮೊದಲನೆಯ ಫೋಟೋ ತೆರೆದಿದ್ದರೋ, ಮೂರನೆಯದನ್ನು ತೆರೆದು ಅದರ ಮೇಲೆಯೇ ಒಂದು ಗೆರೆ ಎಳೆದು ಬಿಟ್ಟಿದ್ದರೋ ನೆನಪಿಲ್ಲ. ಕರೆಂಟು ಯಾವಾಗ ಹೋಗುತ್ತದೋ ಎಂಬ ಹೆದರಿಕೆಗೆ ನಮ್ಮೂರಿನ ಸ್ಟುಡಿಯೋದವರಿಗೆಲ್ಲ ಒಂದು ಅಭ್ಯಾಸ. ಒಂದು ಗೆರೆ ಎಳೆದರೆ ಒಮ್ಮೆ ಸೇವ್ ಒತ್ತುವುದು. ಬೆರಳು ಕೇಳದೆಯೇ ಒತ್ತುತ್ತದೆ. ಹಾಗೆ ಒತ್ತಿದ್ದರಿಂದ ಕಂಪ್ಯೂಟರಿನಲ್ಲಿದ್ದದ್ದು ಆ ಒಂದೇ ರೂಪ. ಕ್ಯಾಮೆರಾದ ಕಾರ್ಡನ್ನು ಬೆಳಿಗ್ಗೆಯೇ ಒಂದು ಮದುವೆಗೆಂದು ಅಳಿಸಿ ಆಗಿತ್ತು. ಕೊನೆಗೆ ಮೊದಲನೆಯ ಫೋಟೋಗೆ ತಮ್ಮ ಮಾಮೂಲಿ ಕಣ್ಣು ತೆರೆಸಿ, ಚೌಕಟ್ಟು ಹಾಕಿ ಹಚ್ಚೊಳ್ಳಿಗೆ ಕಳಿಸಿದರು. ಮೂರನೆಯದರ ಒಂದು ಪ್ರಿಂಟು ತೆಗೆದು ಚೀಲದಲ್ಲಿ ಇಟ್ಟುಕೊಂಡರು. ಆರು ವರ್ಷದಿಂದ ಅದು ಆ ಬಟ್ಟೆ ಚೀಲದಲ್ಲಿತ್ತು.

"ಹೋದ ಮ್ಯಾಲೂ ರೆಪ್ಪಿ ಸರೀತಾವ ತಾತಾ," ಎಂದೆ. "ಡಾಕ್ಟ್ರು ನೋಡ್ಯಾರ ಅಂದ್ರ ಮುಗೀತಲ್ಲ."

"ಗೊತ್ತೈತ್ರಿ. ನೂರಾರು ಮಂದಿದು ನೋಡೀನಿ. ಗೊತ್ತಿದ್ರ ನಿದ್ದಿ ಬರ್ತತೇನು?" ಕೊಡೆಯ ತುದಿಯಿಂದ ಮಣ್ಣು ಗೀರಿದರು. "ಆ ವರ್ಷ ದೊಡ್ಡ ಜೂಮ್ ಲೆನ್ಸ್ ತಗೋರಿ ಅಂತ ಅಂಗಡಿಯಾವ ಬೆನ್ನು ಹತ್ತಿದ್ದ. ನನಗ ನನ್ನ ಹಳೇದ ಸಾಕಂತ ಜಂಭ ಮಾಡಿದೆ. ಅದಿದ್ದಿದ್ರ ಕಂಬದತ್ರ ನಿಂತ್ರೂ ಆಕಿ ಉಸಿರು ಕಾಣ್ತಿತ್ತೇನು ಅನ್ನೋದು ಒಂದು ಗೊತ್ತಾಗಬೇಕ್ರಿ ನನಗ. ಕಾಣ್ತಿತ್ತು ಅಂದ್ರ ತಪ್ಪು ನಂದು."

ಆಗ ನನಗೆ ಅರ್ಥವಾಯಿತು. ನಾನು ಕೊಕ್ಕರೆಗೆ ಲೆನ್ಸು ಆರಿಸುತ್ತಿದ್ದೆ. ಅವರು ಪ್ರತಿ ಭಾನುವಾರ ತಮ್ಮ ಮೇಲೆ ತೀರ್ಪು ಕೇಳುತ್ತಿದ್ದರು. ಅವರ ಮೇಲೆ ಕನಿಕರವಾಯಿತು. ಕನಿಕರವಾದಾಗ ಗದರುವುದು ನನ್ನ ಕೆಟ್ಟ ಬುದ್ಧಿ. "ನೂರು-ನಾಲ್ಕುನೂರದನ್ನ ಇನ್ನೊಮ್ಮೆ ತಂದು ನೋಡಿ ಮುಗಿಸೂಣು. ಆಮ್ಯಾಲ ಈ ಮಾತು ಎತ್ತಂಗಿಲ್ಲ," ಎಂದೆ.

ನೂರು-ನಾಲ್ಕುನೂರನ್ನು ಎರಡನೆಯ ಸಲ ತಂದದ್ದು ಮಾರ್ಚಿ ತಿಂಗಳಿನಲ್ಲಿ. ಕುರುಗೋಡಿನಲ್ಲಿ ಅವರ ಮಗಳ ಮನೆಯಲ್ಲಿ ಊಟ ಮಾಡಿ, ಬೇಡವೆಂದರೂ ಕೇಳದೆ, ಮಟಮಟ ಮಧ್ಯಾಹ್ನ ಗುಡ್ಡದ ತಪ್ಪಲಿಗೆ ಕರೆದೊಯ್ದರು. ಹಕ್ಕಿಯೂ ಇಲ್ಲ, ಮನುಷ್ಯರೂ ಇಲ್ಲ. ಬಂಡೆ, ಬಿಸಿಲು. ದೂರದ ಇನ್ನೊಂದು ತಪ್ಪಲಿನಲ್ಲಿ ಯಾರೋ ಮುಸುಕು ಹೊದ್ದು, ಬಂಡೆಗೆ ಆನಿಕೊಂಡು ಕೂತಿದ್ದರು. ಲೆನ್ಸನ್ನು ತುದಿಗೆ ತಿರುಗಿಸಿ ಹಿಡಿದೆ. ಎದೆಯ ಭಾಗ ಮೆಲ್ಲಗೆ ಏರಿ ಇಳಿಯುತ್ತಿತ್ತು. ನಾನು ಎಣಿಸಿದೆ. ನಿಮಿಷಕ್ಕೆ ಹದಿನಾರು.

"ಕಾಣ್ತತಿ ತಾತಾ. ಖರೇನ ಕಾಣ್ತತಿ," ಎಂದು ಖುಷಿಯಲ್ಲಿ ಕೂಗಿದೆ. ಕೂಗಿದ ಮೇಲೆ ನಾಲಗೆ ಕಚ್ಚಿಕೊಂಡೆ.

ಅವರು ಕ್ಯಾಮೆರಾ ಇಸಿದುಕೊಂಡು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟು, ಕೊಡೆ ಬಿಚ್ಚಿ, ಆ ಕಡೆ ನಡೆಯತೊಡಗಿದರು. ನಾನೂ ಹಿಂದೆಯೇ ಹೋದೆ. ಹತ್ತಿರ ಹೋದರೆ ಅಲ್ಲಿ ಮನುಷ್ಯರಿರಲಿಲ್ಲ. ಕಲ್ಲು. ಮೇಲೆ ಯಾರೋ ಒಣಗಲು ಹಾಕಿ ಮರೆತ ಹಳೆಯ ಕಂಬಳಿ. ಕಂಬಳಿ ಕಲ್ಲಿಗೆ ಅಂಟಿಕೊಂಡಿತ್ತು, ಗಾಳಿ ಎಳ್ಳಷ್ಟೂ ಇರಲಿಲ್ಲ.

"ಬಿಸಿಲ ಝಳ ತಾತಾ," ಎಂದೆ. ನನ್ನ ದನಿಯೇ ನನಗೆ ಬೇರೆಯಾಗಿ ಕೇಳಿಸಿತು. "ಕಾದ ನೆಲದ ಮ್ಯಾಲ ಗಾಳಿ ಕುಣೀತತಿ. ಲೆನ್ಸ್ ಉದ್ದ ಆದಷ್ಟೂ ಅದು ಜಾಸ್ತಿ ಕಾಣ್ತತಿ."

ಕಾರಣ ಸರಿಯಾಗಿಯೇ ಇತ್ತು. ಆದರೆ ಝಳಕ್ಕೆ ಲೆಕ್ಕವಿರುವುದಿಲ್ಲ, ಅದು ಹೇಗೆ ಬೇಕೋ ಹಾಗೆ ಕದಲುತ್ತದೆ. ನಾನು ಎಣಿಸಿದ್ದೆ. ಏರುವುದು, ನಿಲ್ಲುವುದು, ಇಳಿಯುವುದು, ನಿಲ್ಲುವುದು. ಇದನ್ನು ತಾತನಿಗೆ ಹೇಳಲಿಲ್ಲ.

ಅವರು ಕಲ್ಲಿನ ಮುಂದೆ ಕೂತು, ಅಭ್ಯಾಸದಂತೆ ಕೈಯನ್ನು ಕಂಬಳಿಯ ಹತ್ತಿರ ಒಯ್ದು ಹಿಂದಕ್ಕೆಳೆದುಕೊಂಡರು. "ಕಲ್ಲೂ ಉಸಿರಾಡ್ತತಿ ಇದರೊಳಗ," ಎಂದರು. "ಹಂಗಾದ್ರ ಯಾವ ಲೆನ್ಸೂ ಹೇಳತಿದ್ದಿಲ್ಲ. ಲೆನ್ಸಿನ ಮಾತಲ್ಲ ಇದು. ನಾ ಹತ್ತು ಹೆಜ್ಜಿ ನಡದು ಹೋಗಿ ಕೈ ಹಿಡೀಬೇಕಿತ್ತು. ಅಷ್ಟ." ಮುದುಕರು ಅತ್ತದ್ದನ್ನು ನಾನು ಹೆಚ್ಚು ನೋಡಿಲ್ಲ. ಕಲ್ಲಿನ ಕಡೆ ಮುಖ ಮಾಡಿ, ಸದ್ದಿಲ್ಲದೆ ಅತ್ತರು.

ಇಳಿಯುವಾಗ ನನ್ನ ಲೆನ್ಸಿನ ಪ್ರಶ್ನೆಗೂ ಉತ್ತರ ಕೊಟ್ಟರು. "ಎಪ್ಪತ್ತು-ಮುನ್ನೂರದ ತಗೋರಿ. ಹಗುರೈತಿ, ನಿಮ್ಮ ಕೈಗೆ ನಿಲ್ತತಿ. ಉಳಿದದ್ದು ನಡದು ಹೋಗ್ರಿ."

ಮರುವಾರ ಅದನ್ನೇ ಕೊಂಡೆ. ಡಬ್ಬ ಬಿಚ್ಚುವುದನ್ನು ನೋಡಲು ಅವರನ್ನು ಮನೆಗೆ ಕರೆದಿದ್ದೆ. ಪಾಯಸ ಕುಡಿದು, ಲೆನ್ಸನ್ನು ತಿರುಗಿಸಿ ನೋಡಿ ಒಳ್ಳೆಯದಾಯಿತು ಎಂದರು. ನಮ್ಮ ಮನೆಯವರು ಒಳಗೆ ಹೋದದ್ದೇ ತಡ, ಚೀಲದಿಂದ ಲಕೋಟೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅದರ ಜೊತೆಗೆ ತಮ್ಮ ಹಳೆಯ ಲೆನ್ಸು. ಲೆನ್ಸನ್ನು ತಿರುವಿ ಕಣ್ಣಿಗೆ ಹಿಡಿದರೆ ಭೂತಗನ್ನಡಿಯ ಹಾಗೆ ಕೆಲಸ ಮಾಡುತ್ತದೆ. ಕಸುಬಿನವರೆಲ್ಲ ಹಾಗೆಯೇ ನೋಡುವುದು.

"ನನ್ನ ಕೈಕೆಲಸ ಆದ್ರ ಚುಕ್ಕಿ ಎಡಕ್ಕಿರತತಿ. ಅವತ್ತು ಪೆಂಡಾಲಿನ ಬಾಯಿ ಬಲಕ್ಕಿತ್ತು, ಬೆಳಕು ಆ ಕಡಿಂದ ಬರ್ತಿತ್ತು. ಆಕೀದ ಕಣ್ಣಾದ್ರ ಚುಕ್ಕಿ ಬಲಕ್ಕಿರತತಿ. ನನಗ ಪೊರಿ ಬಂದೈತಿ. ಒಂದು ದಿನ ಎಡಕ್ಕ ಕಾಣ್ತತಿ, ಒಂದು ದಿನ ಬಲಕ್ಕ. ನೀವು ನೋಡಿ ಹೇಳ್ರಿ. ಲೆಕ್ಕದ ಟೀಚರು ನೀವು, ಕೂಡಿಸಿ ಕಳದು ಹೇಳಬ್ಯಾಡ್ರಿ."

ಪ್ರಿಂಟನ್ನು ಕಿಟಕಿಯ ಬೆಳಕಿಗೆ ಒಯ್ದೆ. ವಿಭೂತಿ ಹಚ್ಚಿದ, ಹೂವಿನ ನಡುವಿನ ಹೆಣ್ಣುಮಗಳ ಮುಖ. ಒಂದು ರೆಪ್ಪೆ ಮುಚ್ಚಿತ್ತು. ಇನ್ನೊಂದರ ಕೆಳಗೆ ಗರಿಕೆಯಷ್ಟು ಬಿರುಕು. ಲೆನ್ಸನ್ನು ತಿರುವಿ ಹಿಡಿದೆ. ಬಿರುಕಿನೊಳಗೆ ಕಪ್ಪು, ಕಪ್ಪಿನಲ್ಲಿ ಸೂಜಿಯ ಮೊನೆಯಷ್ಟು ಬಿಳಿ.

ಅದು ಬಲಕ್ಕಿತ್ತು.

ಹೋದವರ ಕಣ್ಣು ಒಂದು ಹೊತ್ತಿನಲ್ಲೇ ಮಂಕಾಗುತ್ತದೆ, ಅದಕ್ಕೇ ಕಣ್ಣು ಬರೆಯಬೇಕಾಗುವುದು ಎಂದು ತಾತನೇ ಒಮ್ಮೆ ಹೇಳಿದ್ದರು. ಈ ಚುಕ್ಕೆ ಹೊಳೆಯುತ್ತಿತ್ತು. ಇನ್ನೊಮ್ಮೆ ನೋಡಿದೆ. ಪ್ರಿಂಟಿನ ಮೇಲೆ ಧೂಳು ಕೂತಿರಬಹುದೆಂದು ಸೆರಗಿನಿಂದ ಒರೆಸಿ ನೋಡಿದೆ. ಹಿಂದಿನಿಂದ ತಾತನ ಉಸಿರು ಕೇಳಿಸುತ್ತಿತ್ತು.

"ಎಡಕ್ಕೈತಿ ತಾತಾ," ಎಂದೆ.

"ಖರೇನು?"

"ಖರೇ. ಅಚ್ಚ ಎಡಕ್ಕ. ನಿಮ್ಮ ಕೈಕೆಲಸ."

ಅವರು ಕಣ್ಣು ಮುಚ್ಚಿ, ಕುರ್ಚಿಗೆ ಒರಗಿದರು. ಹಾಗೆಯೇ ನಿದ್ದೆ ಹೋದರು. ಒಂದು ಗಂಟೆ ಮಲಗಿದರು. ನಾನು ಎರಡು ಸಲ ಹೋಗಿ ಅವರ ಮೂಗಿನ ಕೆಳಗೆ ಕೈ ಹಿಡಿದು ಬಂದೆ. ಎದ್ದ ಮೇಲೆ ಲಕೋಟೆ ನಿಮ್ಮಲ್ಲೇ ಇರಲಿ ಎಂದು ಬಿಟ್ಟು ಹೋದರು. ಆ ತಿಂಗಳೆಲ್ಲ ಚೆನ್ನಾಗಿ ನಿದ್ದೆ ಬರುತ್ತಿದೆ ಎಂದು ಅವರ ಮಗಳು ಫೋನಿನಲ್ಲಿ ಹೇಳಿದಳು. ಏಪ್ರಿಲ್ ಕೊನೆಯಲ್ಲಿ ಇನ್ನೊಂದು ಫೋನು ಬಂತು. ಮಧ್ಯಾಹ್ನ ಮಲಗಿದವರು ಏಳಲಿಲ್ಲ. "ಟೀಚರ, ಕ್ಯಾಮೆರಾ ತಗೊಂಡು ಬರ್ರಿ. ನಮ್ಮಪ್ಪಂದು ಒಂದು ಫೋಟೋನೂ ಇಲ್ಲ."

ಊರಿಗೆಲ್ಲ ಫೋಟೋ ತೆಗೆದವರು ತಮ್ಮದೊಂದನ್ನೂ ತೆಗೆಸಿಕೊಂಡಿರಲಿಲ್ಲ. ಮರುದಿನ ಕುರುಗೋಡಿಗೆ, ಮಗಳ ಮನೆಗೆ ಹೋದಾಗ ಬಿಸಿಲು ನೆತ್ತಿಯ ಮೇಲಿತ್ತು. ಅಂಗಳದ ಪೆಂಡಾಲಿನಲ್ಲಿ ಅವರನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆ ತುಂಬ ವಿಭೂತಿ, ಹೂವು. ನಾನು ಕಂಬದ ಬಳಿ ನಿಂತೆ. ಅಳೆಯದಿದ್ದರೂ ಅದು ಹತ್ತು ಹೆಜ್ಜೆಯೇ ಎಂದು ಗೊತ್ತಿತ್ತು. ಮಗಳು, ಅಳಿಯ, ನೆಂಟರು ಎರಡೂ ಬದಿ ನಿಂತರು. ಅವರು ಆರಿಸಿಕೊಟ್ಟ ಲೆನ್ಸನ್ನು ಮುನ್ನೂರಕ್ಕೆ ತಿರುಗಿಸಿ ಅವರ ಮೇಲೆ ಹಿಡಿದೆ.

ಅಂಗಿಯ ಗುಂಡಿ ಏರಿತು, ನಿಂತಿತು, ಇಳಿಯಿತು, ನಿಂತಿತು.

ನನ್ನ ಕೈ ನಡುಗುತ್ತಿರಬೇಕು ಎಂದುಕೊಂಡೆ. ಕಂಬಕ್ಕೆ ಒತ್ತಿ ಹಿಡಿದೆ. ಮತ್ತೆ ಏರಿತು. ನೆರಳಿನಲ್ಲಿ, ಹತ್ತು ಹೆಜ್ಜೆಯ ಅಂತರದಲ್ಲಿ ಝಳ ಅಷ್ಟು ಆಡುವುದಿಲ್ಲ. ಪಕ್ಕದಲ್ಲಿದ್ದ ಮಗಳ ಸೀರೆ ಕದಲುತ್ತಿರಲಿಲ್ಲ. "ಹೊಡೀರಿ ಟೀಚರ, ಹೊತ್ತಾತು," ಎಂದು ಯಾರೋ ಅವಸರ ಮಾಡಿದರು.

ಕ್ಯಾಮೆರಾವನ್ನು ಕಂಬದ ಬುಡದಲ್ಲಿಟ್ಟು ನಡೆದೆ. ಅಳುವವರ ಮುಂದೆ ಹಾದು, ಅವರಿಗೆ ಬೆನ್ನು ತೋರಿಸಿ, ತಾತನ ಎದುರು ಮಂಡಿಯೂರಿ ಕೂತೆ. "ಅಯ್ಯ, ಮುಟ್ಟಬ್ಯಾಡ್ರಿ, ಸ್ನಾನ ಆಗೈತಿ," ಎಂದು ಒಬ್ಬಾಕೆ ಕೂಗಿದಳು. ಅಂಗೈಯ ಹಿಂಭಾಗವನ್ನು ಅವರ ಮೂಗಿನ ಕೆಳಗೆ ಹಿಡಿದೆ. ನೂರರ ತನಕ ಎಣಿಸಿದೆ. ಯಾರೋ ನನ್ನ ಹೆಗಲು ಹಿಡಿದು ಎಳೆದರು, ಮಗಳು "ಬಿಡ್ರಿ, ಇರಲಿ," ಎಂದಳು. ಇನ್ನೊಮ್ಮೆ ನೂರರ ತನಕ ಎಣಿಸಿದೆ. ಏನೂ ತಾಗಲಿಲ್ಲ. ಕೆನ್ನೆ ಮುಟ್ಟಿದೆ. ಆ ಬಿಸಿಲಿನಲ್ಲೂ ಮಡಕೆಯ ಹೊರಮೈಯಂತೆ ತಣ್ಣಗಿತ್ತು. ಅವರು ಹೋಗಿದ್ದರು. ಆಗ ನನಗೆ ಅಳು ಬಂತು.

ಕಂಬದ ಬಳಿಗೆ ಮರಳಿ ಒಂದೇ ಒಂದು ಫೋಟೋ ತೆಗೆದೆ. ಇನ್ನೊಂದು ಇರಲಿ ಎಂದು ಅಳಿಯ ಹೇಳಿದ. ಬೇಡ ಎಂದೆ. ಎರಡಿದ್ದರೆ ಹೋಲಿಸಬೇಕಾಗುತ್ತಿತ್ತು.

ಚೌಕಟ್ಟು ಹಾಕಿಸುವಾಗ ಕಣ್ಣು ತೆರೆಸಬೇಕೇ ಎಂದು ಮಗಳನ್ನು ಕೇಳಿದೆ. "ಅಪ್ಪನಂಗ ಯಾರು ತೆರಸ್ತಾರ್ರಿ ಈಗ? ಮುಚ್ಚಿದ್ದ ಇರಲಿ," ಎಂದಳು. ಹಾಗೆಯೇ ಕೊಟ್ಟೆ.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬಾರದಿದ್ದಕ್ಕೆ ಹಚ್ಚೊಳ್ಳಿಗೆ ಹೋದೆ. ಒಳಗೆ ಕಾಲಿಟ್ಟಾಗಲೇ ಗೋಡೆಯತ್ತ ನೋಡಿದೆ. ಲಕೋಟೆಯೊಳಗಿನ ಮುಖ. ಹೂವಿನ ಹಾರ, ಸಣ್ಣ ದೀಪದ ಬಲ್ಬು, ಪೂರ್ತಿ ತೆರೆದ ಎರಡು ಕಣ್ಣು. ಹುಡುಗಿಯ ತಾಯಿ ಚಾಪೆ ಹಾಸುತ್ತ, ನಾನು ನೋಡುವುದನ್ನು ಕಂಡು ಹೆಮ್ಮೆಯಿಂದ ಹೇಳಿದಳು.

"ನಮ್ಮತ್ತಿ ರೀ. ಜೀವಂತ ಇದ್ದಂಗ ಅದಾಳಲ್ರಿ?"

ನಾನು ಗೋಡೆಯ ಹತ್ತಿರಕ್ಕೆ ನಡೆದೆ. ತಾತನ ಕಣ್ಣುಗಳು ನನ್ನನ್ನು ನೋಡುತ್ತಿದ್ದವು. ಎಡಕ್ಕೆ ಚುಕ್ಕೆ. ಕುರ್ಚಿಗೆ ಒರಗುವ ಮೊದಲು "ಖರೇನು?" ಎಂದು ಕೇಳಿದಾಗ ನೋಡಿದ್ದರಲ್ಲ, ಹಾಗೆಯೇ ನೋಡುತ್ತಿದ್ದವು. ಆಕೆ ನೀರು ತರಲು ಒಳಗೆ ಹೋಗುವವರೆಗೆ ಕಾದೆ.

"ಬಲಕ್ಕಿತ್ತು ತಾತಾ," ಎಂದೆ.